ಪಾರ್ಸೆಲ್ಲಿನೊಳಗೆ ನಾನಿಟ್ಟ ಕಡ್ಡಿ

ನನ್ನ ಮೊಮ್ಮಗಳು ಅಂಗಡಿ ಇಟ್ಟಿದ್ದಾಳೆ. ಅಂಗಡಿಗೆ ಬಾಗಿಲಿಲ್ಲ, ಬೋರ್ಡಿಲ್ಲ. ಅದು ಇರುವುದು ಅವಳ ಫೋನಿನಲ್ಲಿ ಮತ್ತು ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ. ಹೋದ ವಾರ ಅಲ್ಲಿಂದ ಒಂದು ಬಿಗೋನಿಯಾ ಗಿಡ ಬೀದರಿಗೆ ಹೊರಟಿತು. ನನಗೆ ಎಪ್ಪತ್ತೊಂದು ವರ್ಷ, ಹಾಸನದಿಂದ ಆಚೆ ಕಾಲಿಟ್ಟವಳಲ್ಲ. ನಾನು ನೆಟ್ಟ ಗಿಡ ನನಗಿಂತ ದೂರ ಹೋಗುತ್ತದೆ ಅಂದರೆ ಹಿಗ್ಗು ತಡೆಯಲಾಗುತ್ತದೆಯೇ ನೀವೇ ಹೇಳಿ. ಕಂಡವರಿಗೆಲ್ಲ ಹೇಳಿದ್ದಾಯಿತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳಿದೆ, ರೇಷನ್ ಅಂಗಡಿಯವರಿಗೆ ಹೇಳಿದೆ, ನನ್ನ ಹಲ್ಲು ಕಿತ್ತ ಡಾಕ್ಟರಿಗೂ ಹೇಳಿದೆ. ಆಗ ಬಾಯಲ್ಲಿ ಹತ್ತಿ ಇತ್ತು, ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಇನ್ನು ಹೇಳಲು ಜನ ಉಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ತಿದ್ದುವುದೆಂದರೆ ಅವಳಿಗೆ ಬಹಳ ಇಷ್ಟ.

ಸುಂಟಿಕೊಪ್ಪದಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಮನೆ, ಎರಡು ಎಕರೆ ಕಾಫಿ. ಮಗ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳಿರುವ ಲೈನು ಮನೆಗಳ ಮುಂದೆ ನಿಂತು ಅವರ ಹಾಜರಿ ಬರೆದುಕೊಂಡು ಕೆಲಸ ಹಂಚುವುದು ಅವನ ಉದ್ಯೋಗ. ಸೊಸೆ ಅಂಗನವಾಡಿ ಟೀಚರ್. ಇಬ್ಬರಿಗೂ ಸೇರಿ ಇವಳೊಬ್ಬಳೇ ಮಗಳು.

ಅವಳಿಗೆ ಮಾತು ಕಡಿಮೆ. ಜಂಬವಲ್ಲ, ಹೆದರಿಕೆಯೂ ಅಲ್ಲ, ಹುಟ್ಟಿದ್ದೇ ಹಾಗೆ. ಮೂರು ವರ್ಷ ತುಂಬುವವರೆಗೆ ಬಾಯಿ ಬಿಡಲಿಲ್ಲ. ನಾವು ದೇವರಿಗೆ ಹರಕೆ ಹೊತ್ತೆವು. ಒಂದು ದಿನ ನಾನು ಅವಳ ತಟ್ಟೆಗೆ ಪಲ್ಯ ಬಡಿಸಿದಾಗ "ಅದಲ್ಲ, ಇದು" ಅಂದಳು. ಅಷ್ಟು ದಿನ ಹೇಳುವುದಕ್ಕೇನೂ ಇರಲಿಲ್ಲ ಅಂತ ಕಾಣುತ್ತದೆ. ಬಿಕಾಂ ಮುಗಿದ ಮೇಲೆ ಒಂದು ರಿಸಾರ್ಟಿನ ರಿಸೆಪ್ಶನ್ನಿನಲ್ಲಿ ಕೆಲಸ ಸಿಕ್ಕಿತು. ಬಂದವರಿಗೆಲ್ಲ ನಗಬೇಕು, ಫೋನ್ ಎತ್ತಬೇಕು, ಬಿಸಿನೀರು ಬರುತ್ತಿಲ್ಲ ಅಂತ ಬಯ್ಯುವವರಿಗೂ ನಗಬೇಕು. ಮೂರು ತಿಂಗಳಲ್ಲಿ ಹುಡುಗಿ ಇಳಿದುಹೋದಳು.

"ಅಜ್ಜಿ, ನಕ್ಕು ನಕ್ಕು ದವಡೆ ನೋಯ್ತದೆ" ಅಂದಳು ಒಂದು ಭಾನುವಾರ.

ನಾನು ನಗಲು ಹೊರಟವಳು ಅವಳ ಮುಖ ನೋಡಿ ನಿಲ್ಲಿಸಿದೆ. ಮರುವಾರ ಅವಳು ಪೆಟ್ಟಿಗೆ ಸಮೇತ ಮನೆಗೆ ಬಂದಳು.

ಸೊಸೆ ಸಿಟ್ಟಾಗಲಿಲ್ಲ. ಆದರೆ ಒಂದು ಗೆರೆ ಎಳೆದಳು. "ಫೋನಲ್ಲೇ ಏನೋ ವ್ಯಾಪಾರ ಮಾಡ್ತೇನೆ ಅಂತೀಯಲ್ಲ, ಮಾಡು. ಅರೇಬಿಕಾ ಕಾಫಿ ಹಣ್ಣಾಗುವ ತನಕ ನಾನು ಕೇಳಲ್ಲ. ಅಷ್ಟರಲ್ಲಿ ಯಾವುದೂ ಕೈ ಹಿಡೀಲಿಲ್ಲಾಂದ್ರೆ ಮಡಿಕೇರಿ ರೋಡಿನ ಇನ್ನೊಂದು ರಿಸಾರ್ಟಿಗೆ ಸೇರ್ಬೇಕು. ಅಲ್ಲಿಯ ಮ್ಯಾನೇಜರ್ ನನಗೆ ಗೊತ್ತು. ಡಿಸೆಂಬರ್ ಸೀಸನ್ನಿಗೆ ಅವರಿಗೆ ಜನ ಬೇಕು."

"ಆಯ್ತು" ಅಂದಳು ಹುಡುಗಿ. ಆಗ ಮಾರ್ಚ್ ತಿಂಗಳು. ಕಾಫಿ ಹೂ ಬಿಟ್ಟಿತ್ತು. ಹೂವಿನಿಂದ ಹಣ್ಣಿನವರೆಗೆ, ಅಷ್ಟೇ ಅವಳಿಗಿದ್ದ ಕಾಲ.

ಮೊದಲು ಹಿಡಿದದ್ದು ಚಾಕೊಲೇಟು. ಕೊಡಗಿಗೆ ಬಂದವರೆಲ್ಲ ಮನೆ ಚಾಕೊಲೇಟು ಕೊಂಡು ಹೋಗುತ್ತಾರೆ, ನಾವೇ ಮಾಡಿ ಅವರ ಊರಿಗೆ ಕಳಿಸಿದರೆ ಆಯಿತಲ್ಲ ಅಂತ. ಚಾಕೊಲೇಟು ಚೆನ್ನಾಗಿಯೇ ಬಂತು. ಕಷ್ಟ ಬಂದದ್ದು ವಿಡಿಯೋಕ್ಕೆ. ಮುಖ ತೋರಿಸಿ "ಹಾಯ್ ಫ್ರೆಂಡ್ಸ್" ಅನ್ನದಿದ್ದರೆ ಯಾರೂ ನೋಡುವುದಿಲ್ಲವಂತೆ. ಫೋನ್ ಹಿಡಿಯುವ ಕೆಲಸ ನನಗೆ ಬಂತು. ಹದಿನಾಲ್ಕು ಸಲ ತೆಗೆದೆವು. ಒಂದು ಸಲ ನಾಯಿ ಬೊಗಳಿತು, ಒಂದು ಸಲ ನನ್ನ ಹೆಬ್ಬೆರಳು ಅಡ್ಡ ಬಂತು, ಉಳಿದ ಹನ್ನೆರಡು ಸಲ ಅವಳ ಮುಖ ಆಧಾರ್ ಕಾರ್ಡಿನ ಫೋಟೋದಂತೆ ಇತ್ತು.

"ಸ್ವಲ್ಪ ನಗು ಮಾರಾಯ್ತಿ."

"ನಗ್ತಾ ಇದ್ದೇನಲ್ಲ ಅಜ್ಜಿ."

"ಅದು ನಗುವಾ? ಹಲ್ಲುನೋವು ಅಂತ ನಾನು ತಿಳ್ಕೊಂಡೆ."

ಹೇಗೋ ಹತ್ತು ಡಬ್ಬ ಹೋಯಿತು. ಏಪ್ರಿಲ್ ಬಿಸಿಲಿಗೆ ಎಲ್ಲವೂ ದಾರಿಯಲ್ಲೇ ಕರಗಿ ಬಳಿಯುವ ಹಾಗಾಗಿತ್ತಂತೆ. ಅವಳು ಎಲ್ಲರಿಗೂ ಕ್ಷಮೆ ಕೇಳಿ ಬರೆದಳು, ಅಚ್ಚುಗಳನ್ನು ತೊಳೆದು ಅಟ್ಟದ ಮೇಲಿಟ್ಟಳು.

ಎರಡನೆಯದು ಕುರ್ತಾ. ಇದು ಸೊಸೆಯ ಗೆಳತಿಯ ಸಲಹೆ. ಸಗಟು ಅಂಗಡಿಯವರು ಫೋಟೋ ಕಳಿಸುತ್ತಾರೆ, ನಾವು ವಾಟ್ಸಾಪ್ ಗುಂಪಿಗೆ ಹಾಕಬೇಕು, ಯಾರಾದರೂ ಬೇಕೆಂದರೆ ಅಲ್ಲಿಂದಲೇ ಅವರಿಗೆ ಹೋಗುತ್ತದೆ. ಮುಖ ತೋರಿಸಬೇಕಿಲ್ಲವಲ್ಲ ಅಂತ ನಮಗೂ ಸಮಾಧಾನ. ಆದರೆ ಈ ಹುಡುಗಿ ಸುಳ್ಳು ಹೇಳುವವಳಲ್ಲ. ಬಣ್ಣ ಹೋಗುತ್ತದಾ ಅಂತ ಕೇಳಿದರೆ "ಹೋಗ್ತದೆ" ಅಂತ ಬರೆಯುತ್ತಿದ್ದಳು. ನನಗೆ ಒಪ್ಪುತ್ತದಾ ಅಂತ ಒಬ್ಬರು ಫೋಟೋ ಕಳಿಸಿದ್ದಕ್ಕೆ "ಇಲ್ಲ, ಇದು ಬೇಡ, ನಿಮ್ಮ ಹತ್ತಿರ ಈಗ ಇರುವ ನೀಲಿಯೇ ಚಂದ" ಅಂತ ಬರೆದಳು. ಅವರಿಗೆ ಬಹಳ ಖುಷಿಯಾಯಿತಂತೆ. ಕೊಳ್ಳಲಿಲ್ಲ ಅಷ್ಟೇ.

"ನೀನು ಮಾರ್ತಾ ಇದ್ದೀಯಾ, ಕೊಳ್ಳೋದು ಬಿಡಿಸ್ತಾ ಇದ್ದೀಯಾ?" ಅಂತ ಅವಳಪ್ಪ ಕೇಳಿದ.

ಮೇ ತಿಂಗಳ ಕೊನೆಗೆ ಅದೂ ನಿಂತಿತು. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಮಧ್ಯಾಹ್ನ ಅವಳು ಹಿಂದಿನ ಜಗಲಿಗೆ ಬಂದು, ನಾನು ಕುಂಡಗಳಿಗೆ ಮಣ್ಣು ತುಂಬುತ್ತಿದ್ದಲ್ಲೇ ಕೂತಳು. ಕೈಯಲ್ಲಿ ಪೆನ್ನು, ಪುಸ್ತಕ. ಫೋನಿನಲ್ಲಿ ಯಾರೋ ಹೇಳಿದ್ದರಂತೆ: ಏನು ಮಾರಬೇಕು ಅಂತ ಮೊದಲು ಕೇಳಿಕೊಳ್ಳಬೇಡಿ, ನೀವು ಎಂಥವರು ಅಂತ ಕೇಳಿಕೊಳ್ಳಿ, ಅದೇ ನಿಮಗೆ ತಿಳಿಯದಿದ್ದರೆ ಮನೆಯವರನ್ನು ಕೇಳಿ ಅಂತ.

"ಅಜ್ಜಿ, ನಾನು ಎಂತ ಮಾಡ್ತಾ ಇರುವಾಗ ಊಟಕ್ಕೆ ಕರೆದ್ರೂ ಬರಲ್ಲ?"

ನನಗೆ ಇದಕ್ಕೆ ಯೋಚನೆಯೇ ಬೇಕಾಗಲಿಲ್ಲ. ಈಗಲೂ ಅವಳ ಕೈ ತನ್ನಷ್ಟಕ್ಕೆ ಒಂದು ಕುಂಡದ ಒಣಗಿದ ಎಲೆ ಚಿವುಟುತ್ತಿತ್ತು.

"ಕೈ ನೋಡ್ಕೊ" ಅಂದೆ.

ಇಲ್ಲಿ ನಾನು ನಿಮಗೆ ನನ್ನ ಒಂದು ಗುಟ್ಟು ಹೇಳಬೇಕು. ಗುಟ್ಟು ಅಂದರೆ ನಮ್ಮ ಕಡೆಯ ಎಲ್ಲ ಹೆಂಗಸರಿಗೂ ಗೊತ್ತಿರುವುದೇ. ಕೊಡಗಿನಲ್ಲಿ ಹೂವಿನ ಗಿಡವಿಲ್ಲದ ಮನೆ ಇಲ್ಲ. ಲೈನಿನ ಮನೆಯ ಮುಂದೆಯೂ ಹಳೆಯ ಎಣ್ಣೆ ಡಬ್ಬದಲ್ಲಿ ಜರೇನಿಯಂ ಇರುತ್ತದೆ. ಈ ಗಿಡಗಳೆಲ್ಲ ಎಲ್ಲಿಂದ ಬಂದವು? ಮದುವೆ ಮನೆಯಿಂದ, ನಾಮಕರಣದಿಂದ, ತಿಥಿಯಿಂದ. ಮದುವೆ ಮುಗಿಸಿ ಬಸ್ಸು ಹತ್ತುವ ಹೆಂಗಸರ ಕೈಚೀಲ ತೆಗೆದು ನೋಡಿ, ಒದ್ದೆ ಕರವಸ್ತ್ರದೊಳಗೆ ನೆಟ್ಟರೆ ಚಿಗುರುವ ಒಂದು ಕಡ್ಡಿ ಇದ್ದೇ ಇರುತ್ತದೆ. ಕೇಳಿ ತಂದ ಕಡ್ಡಿ ಮುನಿಸಿಕೊಳ್ಳುತ್ತದೆ, ದುಡ್ಡು ಕೊಟ್ಟು ತಂದದ್ದು ಕೊಳೆಯುತ್ತದೆ, ಕೇಳದೆ ಮುರಿದು ತಂದದ್ದು ಮಾತ್ರ ಬೇರು ಬಿಡುತ್ತದೆ ಅಂತ ನಮ್ಮ ನಂಬಿಕೆ. ಕದಿಯುವುದು ಅನ್ನಬಹುದು, ಆದರೆ ಕದಿಯಲಿಕ್ಕೂ ಮರ್ಯಾದೆ ಉಂಟು. ಒಂದೇ ಕಡ್ಡಿ ತೆಗೆಯಬೇಕು, ಹೂವಿರುವ ಗೆಲ್ಲು ಮುಟ್ಟಬಾರದು. ಮನೆಯವಳಿಗೂ ಮರ್ಯಾದೆ ಉಂಟು. ನೆಂಟರು ಅಂಗಳದಲ್ಲಿ ಗಿಡ ನೋಡುತ್ತಾ ನಿಂತರೆ ಅವಳು "ಕಾಫಿ ತರ್ತೇನೆ ಆಯ್ತಾ" ಅಂತ ಒಳಗೆ ಹೋಗಬೇಕು, ಸ್ವಲ್ಪ ತಡಮಾಡಿ ಬರಬೇಕು. ಬೇಗ ಬರುವವಳನ್ನು ನಾವು ಜಿಪುಣಿ ಅನ್ನುತ್ತೇವೆ.

ನನ್ನ ಬಿಗೋನಿಯಾಗಳು ಹೀಗೆ ಬಂದವು, ಐವತ್ತು ವರ್ಷದಿಂದ. ಮೊಮ್ಮಗಳನ್ನು ಚಿಕ್ಕಂದಿನಿಂದ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಮಾತಾಡದ ಮಗು, ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಜೊತೆ ಬೇಕೇ? ಅವಳು ಕದಿಯುತ್ತಿರಲಿಲ್ಲ, ಬರೆದಿಡುತ್ತಿದ್ದಳು. ಯಾವ ಗಿಡ, ಯಾರ ಮನೆಯದು, ಯಾವತ್ತು ನೆಟ್ಟದ್ದು, ಎಷ್ಟು ದಿನಕ್ಕೆ ಚಿಗುರಿತು, ಎಲ್ಲ. ಈಗಲೂ ನಮ್ಮ ಒಂದೊಂದು ಕುಂಡಕ್ಕೂ ಐಸ್‌ಕ್ರೀಂ ಕಡ್ಡಿಯ ಚೀಟಿ ಚುಚ್ಚಿದೆ. "ಬಾಳೆಲೆ ಊರಿನ ದೊಡ್ಡಮ್ಮನ ಮನೆ, ಮದುವೆ, ಬೆಳ್ಳಿ ಚುಕ್ಕೆ." "ಹಲ್ಲಿನ ಡಾಕ್ಟರ ಕಿಟಕಿ, ಕೆಂಪು ಹೊಟ್ಟೆ." ಎಲೆಯ ಕೆಳಭಾಗ ಕೆಂಪಗಿದ್ದರೆ ಅವಳಿಗೆ ಅದು ಕೆಂಪು ಹೊಟ್ಟೆ.

ಹೀಗೆ ಗಿಡ ಮಾರುವುದು ಅಂತಾಯಿತು. ವಿಡಿಯೋ ಬೇಡ, ಎಲೆಯ ಫೋಟೋ ಸಾಕು. ಫೋನಿನಲ್ಲಿ ಮಾತು ಬೇಡ, ಬರೆದರೆ ಸಾಕು. ಬರೆಯುವುದೆಂದರೆ ನಮ್ಮ ಹುಡುಗಿ ಬಿಡುವವಳಲ್ಲ. ಒಂದು ಗಿಡ ಕೊಂಡವರಿಗೆ ಎರಡು ಪುಟ: ಯಾವ ಕಿಟಕಿಯಲ್ಲಿಡಬೇಕು, ನೀರು ಎಷ್ಟು, ಎಲೆ ಸುರುಟಿದರೆ ಎಂತ ಅರ್ಥ. ನಿಮ್ಮ ಊರಿನ ಬಿಸಿಲಿಗೆ ಇದು ಬದುಕಲ್ಲ, ಬೇಡ ಅಂತಲೂ ಬರೆಯುತ್ತಿದ್ದಳು. ವಿಚಿತ್ರ ನೋಡಿ, ಕುರ್ತಾ ಬೇಡ ಅಂದಾಗ ಹೋದ ಜನ ಗಿಡ ಬೇಡ ಅಂದಾಗ ಹೋಗಲಿಲ್ಲ. ಹಾಗಾದರೆ ಬದುಕುವಂಥದ್ದು ಯಾವುದು ಕೊಡಿ ಅಂತ ಕೂತರು. ಕಾಡಿನ ಮರಗಳಲ್ಲಿ ಬೆಳೆಯುವ ಸೀತಾಳೆ ಹೂವು ಬೇಕು ಅಂದವರಿಗೆ ಮಾತ್ರ ಒಂದೇ ಸಾಲು: "ಅದು ಮರದ ಮೇಲೇ ಇರಲಿ."

ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಮಾರುವುದಕ್ಕಲ್ಲ, ಗಿಡದ ಗತಿಗೆ.

"ದುಡ್ಡು ಕೊಟ್ಟ ಗಿಡ ಬರಲ್ಲ ಮಗಳೇ. ಅಷ್ಟು ದೂರ ಹೋಗಿ ಸತ್ರೆ ನಿನಗೆ ಕೆಟ್ಟ ಹೆಸರು."

"ಮತ್ತೆ ಎಂತ ಮಾಡೋದು ಅಜ್ಜಿ? ಅವರು ಬಂದು ಕದ್ದುಕೊಂಡು ಹೋಗ್ಲಿ ಅಂತ ಅಡ್ರೆಸ್ ಕೊಡೋದಾ?"

ಅವಳಿಗೆ ತಮಾಷೆ. ನನಗೆ ಅಲ್ಲ. ಹೂವಿನಿಂದ ಹಣ್ಣಿನವರೆಗೆ ಅಂತ ಗೆರೆ ಎಳೆದಾಗಿದೆ, ಎರಡು ವ್ಯಾಪಾರ ಆಗಲೇ ಹೋಗಿದೆ, ಇದೂ ಕೊಳೆತು ಹೋದರೆ ಈ ಮಗು ಮತ್ತೆ ದವಡೆ ನೋಯಿಸಿಕೊಂಡು ನಿಲ್ಲಬೇಕು. ಹಾಗಾಗಿ ನಾನೇ ಒಂದು ದಾರಿ ಹುಡುಕಿದೆ. ಅವಳು ಗಿಡದ ಬೇರಿಗೆ ಒದ್ದೆ ಪಾಚಿ ಸುತ್ತಿ, ಬಾಳೆನಾರಿನಿಂದ ಕಟ್ಟಿ, ಪೇಪರು ಮುಚ್ಚಿ, ಬಾಕ್ಸಿನಲ್ಲಿಟ್ಟು, ಟೇಪು ತರಲು ಒಳಗೆ ಹೋಗುತ್ತಿದ್ದಳು. ಅಷ್ಟರಲ್ಲಿ ನಾನು ಪೇಪರಿನ ಮಡಿಕೆಯೊಳಗೆ ಒಂದು ಕಡ್ಡಿ ತೂರಿಸುತ್ತಿದ್ದೆ. ದುಡ್ಡು ಕೊಡದ, ಕೇಳದ, ಹೇಳದ ಕಡ್ಡಿ. ಅದರ ಜೊತೆಯಲ್ಲಿದ್ದರೆ ಕೊಂಡ ಗಿಡವೂ ಕೊಂಡದ್ದು ಅಂತ ಆಗುವುದಿಲ್ಲವಲ್ಲ! ಇದಕ್ಕಿಂತ ಒಳ್ಳೆಯ ಉಪಾಯ ನನ್ನ ತಲೆಗೆ ಯಾವತ್ತೂ ಹೊಳೆದಿರಲಿಲ್ಲ.

ಜೂನ್, ಜುಲೈ, ಆಗಸ್ಟ್. ನಾನು ಒಂದು ಪಾರ್ಸೆಲ್ಲನ್ನೂ ಬಿಡಲಿಲ್ಲ. ಗಿಡಗಳು ಚಿಗುರಿದ ಫೋಟೋ ಬರುತ್ತಿದ್ದವು. ನಾನು ಒಳಗೊಳಗೇ ಬೀಗುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಮೊದಲ ದೂರು ಬಂತು. "ನಾನು ತರಿಸಿದ್ದು ಒಂದು ಗಿಡ. ಜೊತೆಗೆ ಹೆಸರಿಲ್ಲದ ಒಂದು ಕಡ್ಡಿ ಬಂದಿದೆ. ಕಳೆಯೋ ಏನೋ. ಇಷ್ಟು ಅಜಾಗರೂಕತೆ ಸರಿಯಲ್ಲ." ಮೊಮ್ಮಗಳು ತನ್ನ ಪುಸ್ತಕ ತೆಗೆದು ನೋಡಿದಳು. ಅವಳ ಬರಹದಲ್ಲಿ ಅಂಥ ಕಡ್ಡಿ ಇಲ್ಲ. ನನ್ನ ಮುಖ ನೋಡಿದಳು. ನಾನು ನಾಯಿಗೆ ಅನ್ನ ಹಾಕಲು ಎದ್ದೆ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳಿದರೆ ಕಡ್ಡಿಯ ಗುಣ ಹೋಗುತ್ತದೆ ಅನ್ನುವುದು ಒಂದು, ಬೈಸಿಕೊಳ್ಳಲು ನಾಚಿಕೆ ಅನ್ನುವುದು ಇನ್ನೊಂದು. ಅಷ್ಟರಲ್ಲಿ ಇನ್ನೂ ಮೂವರು ಕೇಳಿದರು. ಒಬ್ಬರು ಕಡ್ಡಿಯ ಫೋಟೋ ಹಾಕಿ, ಎಲ್ಲರೂ ಓದುವ ಕಡೆಯಲ್ಲೇ, ಇವರಿಗೆ ತಾವು ಏನು ಕಳಿಸುತ್ತೇವೆಂದೇ ಗೊತ್ತಿಲ್ಲ ಅಂತ ಬರೆದರು. ಹುಡುಗಿ ಆ ಒಂದು ಸಾಲನ್ನು ಎಷ್ಟು ಸಲ ಓದಿದಳೋ. ಅವಳಿಗೆ ಚಂದ ಮಾತಾಡಲು ಬರುವುದಿಲ್ಲ, ನಗಲು ಬರುವುದಿಲ್ಲ, ತಪ್ಪಿಲ್ಲದೆ ಕೆಲಸ ಮಾಡಲು ಮಾತ್ರ ಬರುತ್ತದೆ. ಈಗ ಅದನ್ನೇ ಇಲ್ಲ ಅಂದಿದ್ದರು. ಕಟ್ಟಿದ ಬಾಕ್ಸನ್ನು ಬಿಚ್ಚಿ ನೋಡುವುದು, ಮತ್ತೆ ಕಟ್ಟುವುದು, ಮತ್ತೆ ಬಿಚ್ಚುವುದು. ನಾನು ಕಡ್ಡಿ ಇಡುವುದನ್ನು ನಿಲ್ಲಿಸಿದ್ದೆ, ಆದರೂ ಅವಳು ಹುಡುಕುವುದು ನಿಲ್ಲಲಿಲ್ಲ. ಹೊಸ ಫೋಟೋ ಹಾಕುವುದನ್ನೂ ಬಿಟ್ಟಳು.

ಅಕ್ಟೋಬರಿನ ಒಂದು ಸಂಜೆ ಸೊಸೆ ಮಡಿಕೇರಿ ರೋಡಿನ ಆ ರಿಸಾರ್ಟಿಗೆ ಹೋಗಿ ಮ್ಯಾನೇಜರರನ್ನು ಕಂಡು ಬಂದಳು. ನಾವಿಬ್ಬರೂ ಹಿಂದಿನ ಜಗಲಿಯಲ್ಲಿದ್ದೆವು. ಅವಳು ಚಪ್ಪಲಿಯನ್ನೂ ಬಿಡದೆ ಅಲ್ಲಿಗೇ ಬಂದಳು.

"ಬರುವ ತಿಂಗಳು ಕೊನೆಗೆ ಸೇರ್ಬೇಕಂತೆ. ಯೂನಿಫಾರಂ ಅವರೇ ಕೊಡ್ತಾರೆ. ಊಟವೂ ಅಲ್ಲೇ. ಎಂತ ಹೇಳ್ತೀಯಾ?"

ಮೊಮ್ಮಗಳು ಕೈಯಲ್ಲಿದ್ದ ಬಾಕ್ಸನ್ನು ಕೆಳಗಿಟ್ಟಳು. "ಆಯ್ತು ಅಮ್ಮ. ಹೋಗ್ತೇನೆ. ನನಗೆ ಇದೂ ಸರಿಯಾಗಿ ಮಾಡ್ಲಿಕ್ಕೆ ಬರಲ್ಲ."

ನಾನು ಆ ಬಾಕ್ಸನ್ನು ನನ್ನ ಕಡೆ ಎಳೆದುಕೊಂಡೆ.

"ಆ ಕಡ್ಡಿ ಇಟ್ಟದ್ದು ನಾನು" ಅಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಎಂತ ಅಜ್ಜಿ?"

"ನಾನೇ. ನೀನು ಟೇಪು ತರಲು ಹೋಗುವಾಗ. ಕೊಂಡ ಗಿಡ ಬರಲ್ಲ ಅಂತ."

"ಯಾವ ಪಾರ್ಸೆಲ್ಲಿಗೆ?"

"ಎಲ್ಲದಕ್ಕೂ."

"ಎಲ್ಲದಕ್ಕೂ?"

"ಮೊದಲನೇದಕ್ಕೆ ಎರಡು. ಧೈರ್ಯ ಇರಲಿಲ್ಲ ನೋಡು."

ಹುಡುಗಿ ಪುಸ್ತಕಕ್ಕೆ ಕೈ ಹಾಕಿದಳು. ಸೊಸೆಗೆ ಮಾತ್ರ ನಿಜವಾದ ಸಿಟ್ಟು ಬಂತು. ಅವಳು ನನ್ನ ಮೇಲೆ ಸಿಟ್ಟಾಗುವುದು ವರ್ಷಕ್ಕೊಮ್ಮೆ, ಆಗ ಬಹುವಚನ ಇನ್ನೂ ಜಾಸ್ತಿಯಾಗುತ್ತದೆ.

"ಅತ್ತೆ, ತಾವು ದೊಡ್ಡವರು, ನಾನು ಹೇಳಬಾರದು. ಈ ಹುಡುಗಿ ಒಂದು ತಿಂಗಳಿಂದ ಊಟ ಸರಿಯಾಗಿ ಮಾಡ್ತಾ ಇಲ್ಲ. ತನ್ನ ತಲೆಯೇ ಸರಿ ಇಲ್ಲ ಅಂತ ತಿಳ್ಕೊಂಡಿದ್ದಾಳೆ. ತಾವು ನೋಡ್ತಾ ಇದ್ರಿ. ಈಗಿನ ಕಾಲದಲ್ಲೂ ಕದ್ದ ಕಡ್ಡಿ, ಕೊಂಡ ಕಡ್ಡಿ ಅಂತ..."

ಹೇಳುತ್ತಾ ಹೇಳುತ್ತಾ ಅವಳು ಚೀಲದಿಂದ ಕೊಡೆ ಎಳೆದಳು. ಕೊಡೆಯ ಜೊತೆಗೆ ಒಂದು ಒದ್ದೆ ಕರವಸ್ತ್ರದ ಗಂಟು ಜಗಲಿಗೆ ಬಿತ್ತು. ಗಂಟಿನ ತುದಿಯಿಂದ ಒಂದು ಎಲೆ ಇಣುಕುತ್ತಿತ್ತು.

ನಾನು ಬಗ್ಗಿ ನೋಡಿದೆ.

"ಇದು ಎಂತ?" ಅಂದೆ ನಾನು, ಆದಷ್ಟು ಮೆಲ್ಲಗೆ.

"ಅದು... ರಿಸೆಪ್ಶನ್ ಹತ್ತಿರ ಒಂದು ಕುಂಡ ಇತ್ತು. ಮ್ಯಾನೇಜರ್ ಫೋನಿಗೆ ಅಂತ ಒಳಗೆ ಹೋದ್ರು. ಒಂದೇ ಒಂದು ಅತ್ತೆ. ಹೂವಿದ್ದ ಗೆಲ್ಲು ಮುಟ್ಲಿಲ್ಲ."

ಮೊಮ್ಮಗಳು ಅಷ್ಟರಲ್ಲಿ ಗಂಟು ಬಿಚ್ಚಿ ಎಲೆಯನ್ನು ಬೆಳಕಿಗೆ ಹಿಡಿದಿದ್ದಳು. ತಿರುಗಿಸಿ ಅಡಿ ನೋಡಿದಳು, ನರ ನೋಡಿದಳು. "ಅಮ್ಮ! ಸುರುಳಿ ಎಲೆ! ಇದು ನಮ್ಮಲ್ಲಿ ಇಲ್ವೇ ಇಲ್ಲ! ಕಾಂಡ ಇನ್ನೂ ಸ್ವಲ್ಪ ಉದ್ದ ಮುರೀಬಾರದಿತ್ತಾ?" ಅಂದವಳು ಅಮ್ಮನ ಮುಖ ನೋಡಿ ನಗಲು ಶುರುಮಾಡಿದಳು. ಆ ನಗು ನೋಡಬೇಕಿತ್ತು ನೀವು! ವಿಡಿಯೋಕ್ಕೆ ಹದಿನಾಲ್ಕು ಸಲ ಕೇಳಿದರೂ ಬಾರದ ನಗು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಎಸ್ಟೇಟಿನಿಂದ ಬಂದ ಮಗ ನಮ್ಮ ಮೂವರನ್ನೂ ನೋಡಿ ಒಳಗೆ ಹೋಗಿ ತಾನೇ ಕಾಫಿ ಮಾಡಿಕೊಂಡ.

ನಗು ಮುಗಿದ ಮೇಲೂ ಆ ದೂರುಗಳು ಹಾಗೇ ಇದ್ದವಲ್ಲ. ಏನು ಮಾಡುವುದು? ಸೊಸೆ ಒಂದು ದಾರಿ ಹೇಳಿದಳು. "ಹಬ್ಬದ ಆಫರ್, ಒಂದು ಗಿಡಕ್ಕೆ ಒಂದು ಕಡ್ಡಿ ಫ್ರೀ ಅಂತ ಹಾಕಿಬಿಡು. ಎಲ್ಲರೂ ಹಾಗೇ ಮಾಡೋದು."

"ಸುಳ್ಳು ಯಾಕೆ ಅಮ್ಮ? ಇದ್ದದ್ದು ಬರೀತೇನೆ."

ಮೊದಲು ನನ್ನನ್ನು ಕೂರಿಸಿಕೊಂಡಳು. ಯಾರಿಗೆ ಯಾವ ಕಡ್ಡಿ ಹೋಗಿದೆ ಅಂತ ಪುಸ್ತಕದ ಪುಟ ತಿರುವುತ್ತಾ ಒಂದೊಂದೇ ಊರಿನ ಹೆಸರು ಹೇಳಿದಳು. ನನಗೆ ಎಲ್ಲವೂ ನೆನಪಿತ್ತು. ನೆನಪಿಲ್ಲದೆ ಇರುತ್ತದೆಯೇ, ನಾನು ಊರು ನೋಡಿಯೇ ಇಡುತ್ತಿದ್ದದ್ದು. ಗದಗಿಗೆ ಗಟ್ಟಿ ಎಲೆಯದು, ಮಂಗಳೂರಿಗೆ ಜರೇನಿಯಂ ಬೇಡ ಅಂತ ಜರಿಗಿಡದ ಬುಡ, ಚಿತ್ರದುರ್ಗಕ್ಕೆ ನೀರು ಕಡಿಮೆ ಕೇಳುವಂಥದ್ದು. ಎಪ್ಪತ್ತಕ್ಕೂ ಮೇಲಿದ್ದವು. ಎರಡು ದಿನ ಹಿಡಿಯಿತು. ನಡುವೆ ಒಮ್ಮೆ ಅವಳು ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಜ್ಜಿ, ನೀನು ಬರೆದಿಡದೆ ಇಷ್ಟೆಲ್ಲ ಹೇಗೆ ಇಟ್ಕೊಂಡಿದ್ದೀಯಾ?"

"ಬರೆದಿಟ್ರೆ ಸಿಕ್ಕಿಬೀಳ್ತೇನಲ್ಲ" ಅಂದೆ.

ಆಮೇಲೆ ಎಲ್ಲರಿಗೂ ಬರೆದಳು. ನನಗೆ ಓದಿ ಹೇಳಿದ್ದನ್ನು ಇಲ್ಲಿ ಹಾಗೇ ಇಡುತ್ತೇನೆ. "ನಿಮ್ಮ ಬಾಕ್ಸಿನಲ್ಲಿದ್ದ ಹೆಸರಿಲ್ಲದ ಕಡ್ಡಿ ಕಳೆ ಅಲ್ಲ. ನನಗೆ ಗೊತ್ತಿಲ್ಲದ ಹಾಗೆ ಅದನ್ನು ಇಟ್ಟದ್ದು ನನ್ನ ಅಜ್ಜಿ. ದುಡ್ಡು ಕೊಟ್ಟ ಗಿಡ ಬೇರು ಹಿಡಿಯುವುದಿಲ್ಲ ಅಂತ ಅವರ ನಂಬಿಕೆ. ಅದರ ಹೆಸರು, ನೆಡುವ ರೀತಿ ಕೆಳಗೆ ಬರೆದಿದ್ದೇನೆ. ಬೇಡವಾದರೆ ಬೇಕಾದವರಿಗೆ ಕೊಡಿ, ಅವರಿಂದ ಏನೂ ತೆಗೆದುಕೊಳ್ಳಬೇಡಿ. ನಾನು ನೋಡದೆ ಕಳಿಸಿದ್ದು ತಪ್ಪು."

ಎಲ್ಲರೂ ಓದುವ ಕಡೆಯಲ್ಲೂ ಅದನ್ನೇ ಹಾಕಿ, ಫೋನನ್ನು ಮಗುಚಿಟ್ಟು ಕಾಫಿಗಿಡಗಳ ನಡುವೆ ಹೋಗಿ ನಿಂತಳು. ಬಯ್ಗುಳ ಬರುತ್ತದೆ ಅಂತ. ಫೋನು ಮೇಜಿನ ಮೇಲೆ ಜೀರುಂಡೆಯ ಹಾಗೆ ಗುಂಯ್‌ಗುಡುತ್ತಾ ಹರಿದಾಡಿತು. ನಾನು ಹೋಗಿ ಕೈ ಹಿಡಿದು ಕರೆತಂದೆ.

ಗದಗಿನವರು ಬರೆದಿದ್ದರು: "ನಿಮ್ಮ ಅಜ್ಜಿಗೆ ನಮಸ್ಕಾರ ಹೇಳಿ. ಆ ಕಡ್ಡಿಯನ್ನು ಕಸ ಅಂತ ನಲ್ಲಿಯ ಹತ್ತಿರ ಎಸೆದಿದ್ದೆ. ಅದು ಹೂ ಬಿಟ್ಟಿದೆ. ದುಡ್ಡು ಕೊಟ್ಟ ಗಿಡ ಸತ್ತಿದೆ." ಇದನ್ನು ನಾನು ಅವಳ ಹತ್ತಿರ ಮೂರು ಸಲ ಓದಿಸಿದೆ. "ನಲ್ಲಿ ಹತ್ತಿರ ತೇವ ಇತ್ತು ಅಜ್ಜಿ, ಅದಕ್ಕೆ" ಅಂತ ಅವಳು, "ಓದು, ನೀನು ಸುಮ್ನೆ ಓದು" ಅಂತ ನಾನು. ಚಿತ್ರದುರ್ಗದ ಒಬ್ಬ ಮೇಷ್ಟ್ರು, ತಮ್ಮ ತಾಯಿಯೂ ಹಾಗೆಯೇ ಸೆರಗಿನಲ್ಲಿ ಕಡ್ಡಿ ತರುತ್ತಿದ್ದರು, ಮೂವತ್ತು ವರ್ಷದ ಮೇಲೆ ನೆನಪಾಯಿತು ಅಂತ ಬರೆದರು. ನನ್ನ ಬಾಕ್ಸಿನಲ್ಲಿ ಕಡ್ಡಿ ಇರಲೇ ಇಲ್ಲ, ಅಜ್ಜಿಗೆ ನನ್ನ ಮೇಲೆ ಯಾಕೆ ಸಿಟ್ಟು ಅಂತ ಒಬ್ಬಳು ಹುಡುಗಿ ಕೇಳಿದಳು. ಅದು ನಾನು ನಿಲ್ಲಿಸಿದ ಮೇಲೆ ಹೋದ ಪಾರ್ಸೆಲ್ಲು. ಎಲ್ಲರೂ ಖುಷಿಪಟ್ಟರು ಅಂತಲ್ಲ. ಎಲ್ಲರೂ ಓದುವ ಕಡೆ ಬರೆದಿದ್ದವರು, ಮುಂದೆ ಕೇಳಿದ್ದನ್ನು ಮಾತ್ರ ಕಳಿಸಿ ಅಂತ ಇನ್ನೊಮ್ಮೆ ಬರೆದರು. "ಅವರು ಹೇಳಿದ್ದು ಸರಿ" ಅಂತ ಮೊಮ್ಮಗಳು ಅವರ ಹೆಸರಿನ ಮುಂದೆ ಗುರುತು ಹಾಕಿದಳು. ಅವರಿಗೆ ಕಡ್ಡಿ ಇಲ್ಲ.

ಉಳಿದವರಿಗೆಲ್ಲ ಕಡ್ಡಿ ಬೇಕಂತೆ! ಅಜ್ಜಿ ಇಡುವ ಕಡ್ಡಿ ಸಿಗುತ್ತದೆಯಾ ಅಂತಲೇ ಕೇಳಿ ಗಿಡ ತರಿಸುವವರು ಶುರುವಾದರು. ಈಗ ಬಂತು ನೋಡಿ ಕಷ್ಟ. ಕೇಳಿ ತರಿಸಿದರೆ ಅದು ಕೇಳದ ಕಡ್ಡಿ ಹೇಗಾಗುತ್ತದೆ? ಮೊಮ್ಮಗಳಿಗೋ ಹೆಸರಿಲ್ಲದ ಒಂದು ಎಲೆಯೂ ಬಾಕ್ಸಿನಲ್ಲಿ ಹೋಗಬಾರದು. ನಾವಿಬ್ಬರೂ ಒಂದು ಮಧ್ಯಾಹ್ನವೆಲ್ಲ ವಾದ ಮಾಡಿದೆವು. ಕೊನೆಗೆ ಅವಳೇ ಒಂದು ಒಪ್ಪಂದ ಹೇಳಿದಳು. ಬಾಕ್ಸು ಕಟ್ಟುವ ಮೊದಲು ಅವಳು ಗೋಡೆಯ ಕಡೆ ಮುಖ ತಿರುಗಿಸಿ ಇಪ್ಪತ್ತರವರೆಗೆ ಎಣಿಸುತ್ತಾಳೆ. ನಾನು ನನಗೆ ತೋಚಿದ್ದನ್ನು ಇಟ್ಟು, ನನ್ನ ಕೈಯಿಂದಲೇ ಹೆಸರು ಬರೆದ ಚೀಟಿ ಸುತ್ತಿಬಿಡಬೇಕು. ಹೆಸರು ತಪ್ಪಿದ್ದರೆ ಪರವಾಗಿಲ್ಲ, ಇರಬೇಕು ಅಷ್ಟೇ.

ಮೊದಲ ಚೀಟಿಯಲ್ಲಿ ಒಂದು ಹೆಸರು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಎಣಿಸುವುದನ್ನು ಅವಳು ಇಪ್ಪತ್ತರಿಂದ ಐವತ್ತಕ್ಕೆ ಏರಿಸಿದಳು.

ಅದಾದ ಮೇಲೆ ಅವಳಲ್ಲಿ ಬಂದ ಬದಲಾವಣೆ ಏನು ಹೇಳಲಿ! ಬೆಳಿಗ್ಗೆ ಎದ್ದು ನೇರ ಜಗಲಿಗೆ. ಸಂಜೆ ಸುಂಟಿಕೊಪ್ಪದ ಕೊರಿಯರ್ ಅಂಗಡಿಗೆ ತಾನೇ ಹೋಗಿ ಬಾಕ್ಸು ಕೊಟ್ಟು, "ಮೇಲೆ ಭಾರ ಇಡಬೇಡಿ" ಅಂತ ಹೇಳಿ ಬರುತ್ತಿದ್ದಳು. ಒಂದು ದಿನ ಮೈಸೂರಿನಿಂದ ಗಂಡಹೆಂಡತಿ ಗಿಡ ನೋಡಲು ಮನೆಗೇ ಬಂದರು. ಇವಳು ಒಳಗೆ ಅಡಗುತ್ತಾಳೆ ಅಂತ ನಾನು ಮಾತಾಡಲು ಸಜ್ಜಾಗಿ ನಿಂತಿದ್ದೆ. ಅವರು ಒಂದು ಎಲೆಯ ಬಗ್ಗೆ ಏನೋ ಕೇಳಿದರು. ಆಮೇಲೆ ನನಗೆ ಬಾಯಿ ತೆರೆಯಲು ಸಂದು ಸಿಗಲಿಲ್ಲ. ಒಂದು ಗಂಟೆ ಹುಡುಗಿ ಮಾತಾಡಿದಳು! ಅವರು ಕಾರು ಹತ್ತಿದ ಮೇಲೆ "ಗಂಟಲು ಒಣಗಿತು ಅಜ್ಜಿ, ನೀರು ಕೊಡು" ಅಂದಳು. ನಾನು ನೀರು ಕೊಟ್ಟು ದೇವರ ಮುಂದೆ ಹೋಗಿ ಅತ್ತೆ. ಹರಕೆ ಹೊತ್ತದ್ದು ಇಪ್ಪತ್ತು ವರ್ಷದ ಹಿಂದೆ, ಈಗ ಮುಟ್ಟಿತು ಅಂತ ಕಾಣುತ್ತದೆ.

ಸೊಸೆ ಮಾತ್ರ ಏನೂ ಹೇಳಿರಲಿಲ್ಲ. ಸುರುಳಿ ಎಲೆಯನ್ನು ತಾನೇ ನೆಟ್ಟಳು, ತಾನೇ ನೀರು ಹಾಕುತ್ತಿದ್ದಳು, ಆದರೆ ರಿಸಾರ್ಟಿನ ಮಾತು ಬೇಡ ಅನ್ನಲಿಲ್ಲ. ಯೂನಿಫಾರಂ ಅಳತೆಗೆ ಯಾವಾಗ ಬರಬೇಕು ಅಂತ ಅವರು ಕೇಳಿದ್ದು ನನಗೆ ಗೊತ್ತಿತ್ತು. ನವೆಂಬರ್ ಬಂತು. ಅರೇಬಿಕಾ ಒಂದೊಂದೇ ಗೊಂಚಲು ಕೆಂಪಾಯಿತು. ಈ ಸಲ ಹಣ್ಣಾಗುವುದು ಸ್ವಲ್ಪ ತಡವಾಗಲಿ ಅಂತ ನಾನು ಬೇಡಿಕೊಂಡೆ. ಕಾಫಿ ಬೆಳೆಯುವವರು ಯಾರೂ ಹಾಗೆ ಬೇಡುವುದಿಲ್ಲ.

ನವೆಂಬರ್ ಕೊನೆಯ ಭಾನುವಾರ ನಮ್ಮ ಎರಡು ಎಕರೆಯಲ್ಲಿ ಪಿಕ್ಕಿಂಗ್, ಅಂದರೆ ಹಣ್ಣು ಕೊಯ್ಯುವುದು, ಶುರು ಮಾಡಿದೆವು. ನಾಲ್ಕೂ ಜನ ಸೊಂಟಕ್ಕೆ ಚೀಲ ಕಟ್ಟಿಕೊಂಡಿದ್ದೆವು. ಬಿಸಿಲು ಬಂದು ಎಲೆಯ ಮೇಲಿನ ಇಬ್ಬನಿ ಆರುತ್ತಿತ್ತು. ಸೊಸೆಯ ಫೋನು ಬಡಿದುಕೊಂಡಿತು. ನನ್ನ ಪಕ್ಕದ ಸಾಲಿನಲ್ಲೇ ಇದ್ದಳು, ಒಂದೊಂದು ಮಾತೂ ಕೇಳಿಸಿತು.

"ಹೇಳಿ ಸಾರ್... ಹೌದು ಸಾರ್, ಇವತ್ತು ಹೇಳ್ತೇನೆ ಅಂದಿದ್ದೆ... ಇಲ್ಲ ಸಾರ್, ಬರಲ್ಲ ಅವಳು. ಅವಳಿಗೆ ಕೆಲಸ ಉಂಟು." ಅವಳು ಒಂದು ಗೊಂಚಲು ಬಿಡಿಸಿ ಚೀಲಕ್ಕೆ ಹಾಕಿದಳು. "ಬೇರೆ ರಿಸಾರ್ಟ್ ಅಲ್ಲ ಸಾರ್. ಅವಳದ್ದೇ, ಸ್ವಂತ."

ಕೆಳಗಿನ ಸಾಲಿನಲ್ಲಿ ಮೊಮ್ಮಗಳ ಕೈ ನಿಂತಿತು. ಆಮೇಲೆ ಎಲೆಗಳ ಹಿಂದಿನಿಂದ ಅವಳ ದನಿ ಬಂತು.

"ಅಮ್ಮ."

"ಎಂತ?"

"ನಾಳೆ ನಾನು ಪಿಕ್ಕಿಂಗಿಗೆ ಬರಲ್ಲ. ಹನ್ನೆರಡು ಬಾಕ್ಸ್ ಉಂಟು."

"ಬರ್ಬೇಡ. ನಿನ್ನನ್ನು ಕರೆದದ್ದು ಯಾರು?"

ಮೇಲಿನ ಸಾಲಿನಿಂದ ಮಗ, ಎಸ್ಟೇಟಿನಲ್ಲಿ ಆಳುಗಳಿಗೆ ಹೇಳುವ ದನಿಯಲ್ಲೇ ಹೇಳಿದ: "ಸರಿ ಹಾಗಾದ್ರೆ, ಇವತ್ತಿಗೆ ಅವಳ ಹಾಜರಿ ಕೊನೆ. ಅವ್ವ, ನೀನು ನಿಂತ್ಕೊಂಡು ಅಳ್ತಾ ಇದ್ರೆ ನಿನ್ನದೂ ಅರ್ಧ ದಿನ ಮಾತ್ರ ಬರೀತೇನೆ."

"ಬರ್ಕೊಳ್ಳೋ" ಅಂದೆ. ಕಣ್ಣು ಮಂಜಾಗಿ ಕೆಂಪು ಯಾವುದು ಹಸಿರು ಯಾವುದು ಕಾಣುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಕೊಯ್ದು ಚೀಲಕ್ಕೆ ಹಾಕಿದೆ.